ಕಿರುಚಿತ್ರದ ರೂಪವಿಚಾರ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಯನ್ನು ಕುರಿತು

೧

ಚಲಚ್ಚಿತ್ರಕಲೆಯು ಭರತಖಂಡಕ್ಕೆ ಮೊದಲು ಬಂದುದು ಕಿರುಚಿತ್ರದ ರೂಪದಲ್ಲಿಯೇ. ೧೮೯೬ನೆಯ ಇಸವಿ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳು ಪ್ರದರ್ಶಿತವಾದುವು. ಅವುಗಳಲ್ಲಿ ಒಂದೊಂದರ ಅವಧಿಯೂ ಸುಮಾರು ಒಂದು ನಿಮಿಷ ಮಾತ್ರ. ಮುಂದೆ ೧೯೧೩ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ಜನರ ಮುಂದಿಟ್ಟ ದಾದಾಸಾಹೇಬ ಫಾಲ್ಕೆಯವರೂ ಅದಕ್ಕೆ ಮೊದಲು, ೧೯೧೨ರಲ್ಲಿ, ಒಂದು ಕಿರುಚಿತ್ರವನ್ನು ಮಾಡಿದ್ದರು. ಬಟಾಣಿಯ ಬೀಜವನ್ನು ಬಿತ್ತಿ, ಕ್ಯಾಮೆರಾವನ್ನು ಅದರ ಮುಂದೆ ನಿಲ್ಲಿಸಿ, ಬಿಟ್ಟು ಬಿಟ್ಟು ಒಂದೊಂದೇ ಚಿತ್ರವನ್ನು ತೆಗೆಯುತ್ತ ಹೋಗಿ, ಅನೇಕ ದಿನಗಳ ಬೆಳವಣಿಗೆಯನ್ನು ಅಲ್ಪಕಾಲದಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದ ಚಿತ್ರವದು. ಅದನ್ನು ಧನಿಕರಿಗೆ ತೋರಿಸಿ ದೀರ್ಘಚಿತ್ರಕ್ಕೆ ಬಂಡವಾಳವನ್ನು ಪಡೆಯುವುದು ಅವರ ಉದ್ದೇಶವಾಗಿದ್ದಿತು.

ಈ ಒಂದು ಚಿತ್ರದಲ್ಲಿಯೇ ಕಿರುಚಿತ್ರದ ಎರಡು ಸ್ವಭಾವಗಳೂ ಒಟ್ಟಿಗೆ ಗೋಚರಿಸುತ್ತವೆ. ಬೀಜವು ಮೊಳೆತು ಗಿಡವಾಯಿತೆಂಬಷ್ಟರಿಂದ ಅದು ಸ್ವಯಂಪೂರ್ಣವಾದ ಕೃತಿ. ಬೇರೊಂದು ಚಿತ್ರಕ್ಕಾಗಿ ಹಣ ತರುವ ಉಪಾಯವೆಂಬುದರಿಂದ ಪರಾರ್ಥವಾದ ಸಾಧನ. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯ ದೃಷ್ಟಿಯಲ್ಲಿ ಅದು ಅಂಗಿ, ಎರಡನೆಯ ದೃಷ್ಟಿಯಲ್ಲಿ ಅಂಗ. ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂದ ಮೇಲೆ ಈ ದ್ವೈಧವು ಇನ್ನೂ ಬಗೆಹರಿದಿಲ್ಲ. ಇಂದು ಕನ್ನಡದಲ್ಲಿ ಸ್ವತಂತ್ರವಾಗಿ ಕಿರುಚಿತ್ರಗಳನ್ನು ಮಾಡುವ ತರುಣರಲ್ಲಿ ಹೆಚ್ಚಿನವರು ಅದನ್ನು ದೊಡ್ಡ ಚಿತ್ರಕ್ಕೆ ಬರೆದುಕೊಂಡ ಅರ್ಜಿಯೆಂದೇ ಭಾವಿಸುತ್ತಾರೆ. ಅದರಿಂದ ಕಥೆಯ ಆಯ್ಕೆ, ಪಾತ್ರಯೋಜನೆ, ದೇಶಕಾಲಗಳ ಉಪಯೋಗ, ಭಾಷೆ ಈ ಎಲ್ಲವೂ ವಿಕಾರಗೊಳ್ಳುತ್ತವೆ. ಕಿರುಚಿತ್ರವು ಅಂಗಿಯೇ ಹೊರತು ಅಂಗವಲ್ಲವೆಂಬುದನ್ನೂ, ಅದರ ನಿರ್ಮಾಣಕ್ರಮದಲ್ಲಿ ಕಾಣುವ ದೋಷಗಳಲ್ಲಿ ಬಹುಪಾಲು ಈ ವಿವೇಕದ ಅಭಾವದಿಂದಲೇ ಹುಟ್ಟಿದುವೆಂಬುದನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಅಲ್ಪಪ್ರಮಾಣದ ದೃಶ್ಯಕಾವ್ಯವು ಭಾರತೀಯ ಶಾಸ್ತ್ರಕ್ಕೆ ಹೊಸತಲ್ಲ. ಭರತಮುನಿಯು ಹೇಳಿದ ಹತ್ತು ರೂಪಕಗಳಲ್ಲಿ ಭಾಣ, ವೀಥಿ, ವ್ಯಾಯೋಗ, ಉತ್ಸೃಷ್ಟಿಕಾಂಕಗಳು ಒಂದೇ ಅಂಕವುಳ್ಳವು. ಪ್ರಹಸನವೂ ಸಾಮಾನ್ಯವಾಗಿ ಹಾಗೆಯೇ. ಇವುಗಳನ್ನು ನಾಟಕದ ಸಂಕ್ಷೇಪಗಳೆಂದು ಶಾಸ್ತ್ರಕಾರರು ಎಣಿಸಲಿಲ್ಲ. ಪ್ರತಿಯೊಂದಕ್ಕೂ ಬೇರೆ ಲಕ್ಷಣ, ಬೇರೆ ನಾಯಕ, ಬೇರೆ ರಸವ್ಯವಸ್ಥೆಯನ್ನು ಹೇಳಿದರು. ಎಲ್ಲಕ್ಕಿಂತ ಮುಖ್ಯವಾದುದು ಸಂಧಿಗಳ ವಿಚಾರ. ನಾಟಕದಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳೂ ಇರತಕ್ಕವು. ವ್ಯಾಯೋಗದಲ್ಲಿ ಗರ್ಭವಿಮರ್ಶಗಳಿಲ್ಲ. ಭಾಣ, ವೀಥಿ, ಪ್ರಹಸನ, ಅಂಕಗಳಲ್ಲಿ ಮುಖ ಮತ್ತು ನಿರ್ವಹಣ ಎಂಬ ಎರಡೇ ಸಂಧಿಗಳು.

ಇದರ ತಾತ್ಪರ್ಯವು ಗಮನಾರ್ಹವಾದುದು. ಐದು ಸಂಧಿಗಳನ್ನೂ ಇಟ್ಟುಕೊಂಡು ಒಂದೊಂದನ್ನೂ ಚಿಕ್ಕದಾಗಿಸಿದರೆ ಏಕಾಂಕ ರೂಪಕವಾಗುವುದಿಲ್ಲ. ನಡುವಿನ ಸಂಧಿಗಳನ್ನು ಬಿಟ್ಟು, ಆರಂಭವನ್ನು ಅಂತ್ಯದ ಮಗ್ಗುಲಿಗೇ ತಂದು ಕೂಡಿಸಿದರೆ ಆಗುತ್ತದೆ. ಬಿಟ್ಟುಹೋದ ನಡುವಿನ ಭಾಗವನ್ನು ತುಂಬಿಕೊಳ್ಳುವವನು ಪ್ರೇಕ್ಷಕ. ಭಾಸನ ‘ಕರ್ಣಭಾರ’ವನ್ನು ನೋಡಬಹುದು. ಕರ್ಣನು ಯುದ್ಧಕ್ಕೆ ಹೊರಟಿದ್ದಾನೆ. ಶಲ್ಯನಿಗೆ ಪರಶುರಾಮನ ಶಾಪದ ಕಥೆಯನ್ನು ಹೇಳುತ್ತಾನೆ. ಬ್ರಾಹ್ಮಣವೇಷದಿಂದ ಬಂದ ಇಂದ್ರನಿಗೆ ಕವಚಕುಂಡಲಗಳನ್ನು ಕೊಟ್ಟುಬಿಡುತ್ತಾನೆ. ಮತ್ತೆ ರಥವನ್ನು ನಡೆಸೆನ್ನುತ್ತಾನೆ. ರೂಪಕವು ಅಲ್ಲಿಗೆ ಮುಗಿಯಿತು. ಯುದ್ಧವಿಲ್ಲ, ಮರಣವಿಲ್ಲ. ಆದರೆ ಆ ರಥವು ಎಲ್ಲಿಗೆ ಹೋಗುತ್ತದೆಂಬುದನ್ನು ಅರಿತ ಸಹೃದಯನ ಚಿತ್ತದಲ್ಲಿ ಉಳಿದ ಭಾರತವೆಲ್ಲವೂ ನಡೆದುಹೋಗುತ್ತದೆ. ಶ್ರವ್ಯಕಾವ್ಯದಲ್ಲಿಯೂ ಇದೇ ನ್ಯಾಯ. ಅಮರುಕನ ಬಿಡಿ ಪದ್ಯಗಳು ಒಂದೊಂದೂ ಪ್ರಬಂಧದಷ್ಟು ರಸವನ್ನು ಹೊರಬಲ್ಲವೆಂದು ಆನಂದವರ್ಧನನು ಒಪ್ಪಿದ್ದಾನೆ. ಮುಕ್ತಕವು ಪ್ರಬಂಧದ ಚೂರಲ್ಲ. ಹಾಗೆಯೇ ಕಿರುಚಿತ್ರವು ದೀರ್ಘಚಿತ್ರದ ಚೂರಲ್ಲ.

ಒಬ್ಬನೇ ನಟನು ದೂರವಾಣಿಯನ್ನು ಕಿವಿಗಿಟ್ಟುಕೊಂಡು ಕಾಣದವರೊಡನೆ ಮಾತನಾಡುತ್ತ ಕಥೆಯನ್ನು ಮುಗಿಸುವ ಚಿತ್ರಗಳು ಈಚೆಗೆ ಬಹಳವಾಗಿವೆ. ಇವುಗಳನ್ನು ಮಾಡುವವರು ಹೊಸ ಉಪಾಯವನ್ನು ಕಂಡುಕೊಂಡೆವೆಂದು ತಿಳಿಯಬಹುದು. ಆಕಾಶಭಾಷಿತದಿಂದ ನಡೆಯುವ ಭಾಣದ ಲಕ್ಷಣವೇ ಅದು. ಭಾಣಕಾರರು ವಿಟನೊಬ್ಬನ ಮಾತಿನಲ್ಲಿಯೇ ಒಂದು ಪಟ್ಟಣದ ಬೀದಿಯನ್ನೆಲ್ಲ ಹೇಗೆ ತುಂಬಿಸುತ್ತಿದ್ದರೆಂಬುದನ್ನು ಅರಿತರೆ ಈ ಚಿತ್ರಗಳಿಗೆ ಲಾಭವೇ ಆದೀತು.

೩

ಈ ವಿಚಾರಕ್ಕೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳನ್ನು ಆಯ್ದುಕೊಳ್ಳಲು ಕಾರಣವಿದೆ. ದೃಶ್ಯಕಲೆಯ ಸಂಸ್ಕಾರವು ಇಷ್ಟು ದಟ್ಟವಾಗಿರುವ ಪ್ರದೇಶಗಳು ವಿರಳ. ಸಾಂಗಲಿಯ ಅರಸರ ಸಮ್ಮುಖದಲ್ಲಿ ಕರ್ನಾಟಕದ ಭಾಗವತ ಮೇಳವೊಂದು ಆಡಿದ ಆಟದ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ‘ಸೀತಾಸ್ವಯಂವರ’ವನ್ನು ರಚಿಸಿ ಮರಾಠಿ ನಾಟಕಕ್ಕೆ ನಾಂದಿ ಹಾಡಿದರೆಂಬುದು ಪ್ರಸಿದ್ಧವಾಗಿದೆ. ಆ ಮೇಳವು ಹೊನ್ನಾವರದ ಕರ್ಕಿಯದೆಂದು ಇಲ್ಲಿಯ ಯಕ್ಷಗಾನದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಫಾಲ್ಕೆಯವರ ಪೌರಾಣಿಕ ಚಿತ್ರಗಳು ಮರಾಠಿ ರಂಗಭೂಮಿಗೆ ಬಹಳ ಋಣಿಯಾಗಿವೆಯಾದ್ದರಿಂದ, ಚಲಚ್ಚಿತ್ರಕ್ಕೂ ಈ ಕರಾವಳಿಗೂ ದೂರದ ನಂಟು ಮೊದಲೇ ಉಂಟೆಂದು ಹೇಳಬಹುದು. ಮೊದಲ ಕನ್ನಡ ವಾಕ್ಚಿತ್ರವಾದ ‘ಸತಿ ಸುಲೋಚನ’ವು ತೆರೆಗೆ ಬಂದ ೧೯೩೪ರಲ್ಲಿಯೇ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಕನ್ನಡ ಚಿತ್ರರಂಗದ ಶಂಕರ ನಾಗ್ ಅವರು ೧೯೫೪ರಲ್ಲಿ ಜನಿಸಿದ್ದು ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ. ಅವರ ಅಣ್ಣ ಅನಂತ ನಾಗ್ ಅವರ ಬಾಲ್ಯದ ವಿದ್ಯಾಭ್ಯಾಸದ ಒಂದು ಭಾಗವು ಭಟ್ಕಳ ತಾಲೂಕಿನ ಶಿರಾಲಿಯ ಚಿತ್ರಾಪುರ ಮಠದ ಆಶ್ರಯದಲ್ಲಿ ನಡೆಯಿತು.

ಅಲ್ಪರೂಪದ ಸಾಹಿತ್ಯದಲ್ಲಿಯೂ ಈ ಸೀಮೆಯು ಹಿಂದೆ ಬಿದ್ದಿಲ್ಲ. ಸಣ್ಣಕಥೆಯನ್ನು ಎತ್ತರಕ್ಕೆ ಒಯ್ದ ಯಶವಂತ ಚಿತ್ತಾಲರು (೧೯೨೮–೨೦೧೪) ಕುಮಟಾ ತಾಲೂಕಿನ ಹನೇಹಳ್ಳಿಯವರು. ಜಯಂತ ಕಾಯ್ಕಿಣಿಯವರು ಅದೇ ತಾಲೂಕಿನ ಗೋಕರ್ಣದವರು. ಚುಟುಕವೆಂಬ ನಾಲ್ಕು ಸಾಲಿನ ಪದ್ಯಕ್ಕೆ ಹೆಸರಾದ ದಿನಕರ ದೇಸಾಯಿಯವರು (೧೯೦೯–೧೯೮೨) ನೆರೆಯ ಅಂಕೋಲೆಯವರು. ಕಿರಿದರಲ್ಲಿ ಪೂರ್ಣತೆಯನ್ನು ಸಾಧಿಸುವ ವಿದ್ಯೆಯು ಇಲ್ಲಿಯ ತರುಣ ಚಿತ್ರಕಾರನಿಗೆ ಮನೆಯ ಸೊತ್ತು.

ಆದರೂ ಒಂದು ಎಚ್ಚರಿಕೆ ಬೇಕು. ಇಡೀ ರಾತ್ರಿಯ ಯಕ್ಷಗಾನ ಪ್ರಸಂಗವನ್ನು ಎರಡು ಮೂರು ತಾಸುಗಳಿಗೆ ಇಳಿಸಿ ಆಡುವ ‘ಕಾಲಮಿತಿ’ಯ ಪ್ರಯೋಗವು ಈಚಿನ ದಶಕಗಳಲ್ಲಿ ರೂಢಿಗೆ ಬಂದಿದೆ. ಅದರ ಗುಣದೋಷಗಳ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ಕಿರುಚಿತ್ರವನ್ನು ಕಾಲಮಿತಿಯ ಆಟದಂತೆ ತಿಳಿದರೆ ತಪ್ಪಾಗುತ್ತದೆ. ಅಲ್ಲಿ ಮೊದಲೇ ಇದ್ದ ದೀರ್ಘವಸ್ತುವನ್ನು ಕತ್ತರಿಸಲಾಗುತ್ತದೆ. ಇಲ್ಲಿ ವಸ್ತುವು ಹುಟ್ಟುವಾಗಲೇ ಕಿರಿದಾಗಿ ಹುಟ್ಟಬೇಕು.

೪

ಲಕ್ಷ್ಯಗಳಿಲ್ಲದ ಲಕ್ಷಣವು ನಿಷ್ಫಲ. ಶಂಕರ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ (೧೯೮೬) ಹಿಂದಿಯ ಮಾಲಿಕೆಯಾದರೂ ಅದರ ಕಂತುಗಳಲ್ಲಿ ಹಲವು ಸ್ವಯಂಪೂರ್ಣವಾದ ಕಿರುಚಿತ್ರಗಳೇ ಆಗಿವೆ. ಕಾಣೆಯಾದ ಅಂಚೆಯ ಕಥೆಯನ್ನು ತೆಗೆದುಕೊಳ್ಳಬಹುದು. ಬೀದಿಯ ಮನೆಮನೆಯ ಸುಖದುಃಖಗಳನ್ನೂ ಬಲ್ಲ ಅಂಚೆಯವನು, ಒಂದು ಮನೆಯಲ್ಲಿ ಮದುವೆ ನಿಶ್ಚಯವಾಗಿರುವಾಗ ಬಂದ ಅಶುಭವಾರ್ತೆಯ ಕಾಗದವನ್ನು ಮದುವೆ ಮುಗಿಯುವವರೆಗೂ ಬಚ್ಚಿಡುತ್ತಾನೆ. ಬೀಜವೂ ಇದೇ, ಕಾರ್ಯವೂ ಇದೇ. ಪ್ರೇಕ್ಷಕನಿಗೆ ಕಾಗದದ ವಿಷಯ ತಿಳಿದ ಕ್ಷಣದಿಂದ ಮದುವೆಯ ವಾದ್ಯಕ್ಕೆ ಎರಡು ಅರ್ಥಗಳುಂಟಾಗುತ್ತವೆ. ಅಂಚೆಯವನು ಮಾಡಿದ್ದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯನ್ನು ಕಥೆಯು ತೀರ್ಮಾನಿಸುವುದಿಲ್ಲ. ವಿಮರ್ಶಸಂಧಿಯು ಪ್ರೇಕ್ಷಕನ ಮನೆಯಲ್ಲಿ ನಡೆಯುತ್ತದೆ. ಅದೇ ಮಾಲಿಕೆಯಲ್ಲಿ ಸ್ವಾಮಿ ಮತ್ತು ಅವನ ಸ್ನೇಹಿತರ ಕಾದಂಬರಿಯನ್ನು ಅನೇಕ ಕಂತುಗಳಾಗಿ ಹಂಚಿರುವ ಭಾಗವನ್ನು ಇದರ ಮಗ್ಗುಲಲ್ಲಿಟ್ಟು ನೋಡಿದರೆ ಮುಕ್ತಕಕ್ಕೂ ಪ್ರಬಂಧಕ್ಕೂ ಇರುವ ಭೇದವು ಸ್ಫುಟವಾಗುತ್ತದೆ. ಕಾದಂಬರಿಯ ಕಂತು ಮುಂದಿನ ಕಂತನ್ನು ಅಪೇಕ್ಷಿಸುತ್ತದೆ. ಅಂಚೆಯವನ ಕಥೆ ಏನನ್ನೂ ಅಪೇಕ್ಷಿಸುವುದಿಲ್ಲ.

ಎರಡನೆಯ ಲಕ್ಷ್ಯವು ಈಚಿನದು. ಪುಣೆಯ ಚಲಚ್ಚಿತ್ರ ಮತ್ತು ದೂರದರ್ಶನ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ಚಿದಾನಂದ ಎಸ್. ನಾಯ್ಕರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರವು ೨೦೨೪ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿಚಿತ್ರಗಳ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಪಡೆಯಿತು. ಅವಧಿ ೧೬ ನಿಮಿಷ; ಚಿತ್ರೀಕರಣಕ್ಕೆ ದೊರೆತ ಕಾಲ ನಾಲ್ಕು ದಿನ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದುದರಿಂದ ಬೆಳಗಾಗುವುದೇ ನಿಂತುಹೋಯಿತೆಂಬ ಜನಪದ ಕಥೆ ಅದರ ವಸ್ತು. ಕಾರಣವು ಅತ್ಯಲ್ಪ, ಕಾರ್ಯವು ಲೋಕವ್ಯಾಪಿ. ಇಂಥ ವೈಷಮ್ಯವೊಂದೇ ಕಿರುಚಿತ್ರವನ್ನು ಹೊರಲು ಸಾಕು. ಸೂರ್ಯನು ಹುಟ್ಟದ ಕಥೆಯಾದ್ದರಿಂದ ಕತ್ತಲೆಯು ಇಲ್ಲಿ ಅನಿವಾರ್ಯ. ಅಲ್ಪಸಾಧನನಾದ ಚಿತ್ರಕಾರನಿಗೆ ಕತ್ತಲೆಯು ದೊಡ್ಡ ಅಡ್ಡಿ. ಕಥೆಯೇ ಕತ್ತಲೆಯನ್ನು ಬೇಡಿದಾಗ ಆ ಅಡ್ಡಿಯು ಅಲಂಕಾರವಾಯಿತು. ಊರಿನ ಜನರ ಮನಸ್ಸನ್ನೂ ಮುದುಕಿಯ ಹಟವನ್ನೂ ವಿವರಿಸಲು ಹೊರಟಿದ್ದರೆ ಅದು ಎರಡು ತಾಸಿನ ಚಿತ್ರವಾಗಿ ತನ್ನ ಬೆರಗನ್ನು ಕಳೆದುಕೊಳ್ಳುತ್ತಿದ್ದಿತು.

೫

ವಸ್ತುವಿನ ಬೆಳವಣಿಗೆ ಹೇಗೆ ನಡೆಯತಕ್ಕದ್ದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಕುಮಟಾ ತಾಲೂಕಿನ ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ನಿಂತು ಚಿಪ್ಪುಗಳನ್ನು ಆಯುತ್ತಾರೆ. ಒಬ್ಬ ವೃದ್ಧೆ, ಅಂದೇ ಮೊದಲ ಬಾರಿಗೆ ಬಂದ ಒಬ್ಬ ಎಳೆಯ ಹೆಂಗಸು, ದಡದಲ್ಲಿ ಅಳತೆ ಹಿಡಿದು ಕಾದಿರುವ ಕೊಳ್ಳುವವನು. ನೀರು ಏರತೊಡಗಿದೆ, ಎಳೆಯವಳ ಬುಟ್ಟಿ ಅರ್ಧವೂ ತುಂಬಿಲ್ಲ. ವೃದ್ಧೆಯು ಯಾರೂ ನೋಡದಂತೆ ತನ್ನ ಬುಟ್ಟಿಯಿಂದ ಎರಡು ಬೊಗಸೆಯನ್ನು ಅದಕ್ಕೆ ಸುರಿದು ದಡಕ್ಕೆ ನಡೆಯುತ್ತಾಳೆ.

ಅರ್ಥಪ್ರಕೃತಿಗಳು ಐದು: ಬೀಜ, ಬಿಂದು, ಪತಾಕೆ, ಪ್ರಕರೀ, ಕಾರ್ಯ. ಇಲ್ಲಿ ಖಾಲಿ ಬುಟ್ಟಿಯನ್ನು ಕಂಡುದು ಬೀಜ, ಏರುವ ನೀರು ಕಥೆಯನ್ನು ಕಡಿಯಗೊಡದೆ ನಡೆಸುವ ಬಿಂದು, ಸುರಿದುದು ಕಾರ್ಯ. ಅರ್ಜಿಯ ಮನಸ್ಸಿನ ಚಿತ್ರಕಾರನು ಇಷ್ಟಕ್ಕೆ ನಿಲ್ಲುವುದಿಲ್ಲ. ವೃದ್ಧೆಯ ತಾರುಣ್ಯದ ಹಿನ್ನೋಟವನ್ನು ಪತಾಕೆಯಾಗಿ ಸೇರಿಸುತ್ತಾನೆ. ಕೊಳ್ಳುವವನ ದುಷ್ಟತನವನ್ನು ಪ್ರಕರಿಯಾಗಿ ಸೇರಿಸುತ್ತಾನೆ. ತನಗೆ ಎಲ್ಲವೂ ಬರುತ್ತದೆಂದು ಯಾವನೋ ಧನಿಕನಿಗೆ ತೋರಿಸುವುದು ಅವನ ಗುರಿಯಾಗಿರುತ್ತದೆ. ಫಲವಾಗಿ ಸುರಿದ ಎರಡು ಬೊಗಸೆಯ ಬೆಲೆ ಕಳೆದುಹೋಗುತ್ತದೆ. ಪತಾಕೆ ಪ್ರಕರಿಗಳಿಗೆ ಎಡೆಯಿಲ್ಲದ ವಸ್ತುವನ್ನು ಆರಿಸಿಕೊಳ್ಳುವುದೇ ಕಿರುಚಿತ್ರದ ರಚನೆಯಲ್ಲಿ ಮೊದಲನೆಯ ಹೆಜ್ಜೆ.

ಎರಡನೆಯದು ಕಾಲದ ಗಣನೆ. ವ್ಯಾಯೋಗವು ಒಂದು ದಿನದ ವೃತ್ತಾಂತವಾಗಿರಬೇಕೆಂಬುದು ಶಾಸ್ತ್ರನಿಯಮ. ಇಲ್ಲಿ ಆ ನಿಯಮವನ್ನು ಸಮುದ್ರವೇ ವಿಧಿಸುತ್ತದೆ. ಉಬ್ಬರವಿಳಿತಗಳು ದಿನಕ್ಕೆ ಎರಡೆರಡು ಬಾರಿ ಬರುತ್ತವೆ. ದಿನದಿನಕ್ಕೆ ಸುಮಾರು ೫೦ ನಿಮಿಷ ತಡವಾಗುತ್ತವೆ. ಬೆಳಗಿನ ಓರೆ ಬಿಸಿಲಿನಲ್ಲಿ ನೀರು ಇಳಿದಿರಬೇಕಾದರೆ ಅಂಥ ದಿನಗಳು ಎರಡು ಮೂರು ಮಾತ್ರ ಸಿಕ್ಕುತ್ತವೆ. ತಪ್ಪಿದರೆ ಮತ್ತೆ ಒಂದು ಪಕ್ಷ ಕಾಯಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿನಲ್ಲಿ ಇಳಿತವು ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಆದುದರಿಂದ ಈ ಕರಾವಳಿಯ ಚಿತ್ರಕಾರನಿಗೆ ಪಂಚಾಂಗವು ಕ್ಯಾಮೆರಾದಷ್ಟೇ ಆವಶ್ಯಕವಾದ ಉಪಕರಣ. ಹಣವಿಲ್ಲದವನಿಗೆ ಇದು ಕಷ್ಟವೆಂದು ತೋರಬಹುದು. ವಾಸ್ತವವಾಗಿ ಇದೇ ಅವನ ಅನುಕೂಲ. ಬಾಡಿಗೆಯ ಲೆಕ್ಕ ಹಾಕುವ ದೊಡ್ಡ ತಂಡವು ಪಕ್ಷ ಕಾಯಲಾರದು. ಊರಿನಲ್ಲಿಯೇ ಇರುವ ನಾಲ್ವರು ಗೆಳೆಯರು ಕಾಯಬಲ್ಲರು.

೬

ಇನ್ನು ಅಭಿನಯ. ಈ ಮೂರು ತಾಲೂಕುಗಳಲ್ಲಿ ನಟರಿಗೆ ಕೊರತೆಯಿಲ್ಲ. ಆದರೆ ಅವರ ಶಿಕ್ಷಣವು ನಾಟ್ಯಧರ್ಮಿಯದು. ರಾತ್ರಿಯ ದೀಪದಲ್ಲಿ, ಬಯಲಿನ ಕೊನೆಯಲ್ಲಿ ಕುಳಿತವನಿಗೂ ಕಾಣಬೇಕಾದ ಕಣ್ಣು, ಹುಬ್ಬು, ಹೆಜ್ಜೆಗಳ ಅಭಿನಯವದು. ಕ್ಯಾಮೆರಾವು ಮುಖದಿಂದ ಒಂದು ಮೊಳ ದೂರದಲ್ಲಿ ನಿಂತಿರುತ್ತದೆ. ಅಲ್ಲಿ ಆ ಅಭಿನಯವು ಅತಿಯೆನಿಸುತ್ತದೆ; ಲೋಕಧರ್ಮಿಯೇ ಅಲ್ಲಿಗೆ ಉಚಿತ. ಕೆಲವರು ಈ ಕಾರಣದಿಂದ ಯಕ್ಷಗಾನದ ಕಲಾವಿದರನ್ನು ಕಿರುಚಿತ್ರಗಳಿಂದ ದೂರವಿಡುತ್ತಾರೆ. ಅದೂ ಸರಿಯಲ್ಲ. ಬರೆದ ಮಾತಿಲ್ಲದೆ ಪ್ರಸಂಗದ ಎಳೆಯನ್ನು ಹಿಡಿದು, ಎದುರಿನ ಪಾತ್ರದ ಮಾತನ್ನು ಕೇಳಿ, ಆಗಿಂದಾಗಲೇ ಉತ್ತರ ಹುಟ್ಟಿಸುವ ಶಕ್ತಿ ಅವರಲ್ಲಿ ಉಂಟು. ಕೇಳುವುದೂ ಒಂದು ಅಭಿನಯ. ಚಲಚ್ಚಿತ್ರದಲ್ಲಿ ಅದಕ್ಕೇ ಬೆಲೆ ಹೆಚ್ಚು. ತಾಳಮದ್ದಳೆಯಲ್ಲಿ ನುರಿತ ಅರ್ಥಧಾರಿಗೆ ಮಾತನ್ನು ಕಡಿಮೆ ಕೊಟ್ಟು ಕೇಳುವ ಕೆಲಸವನ್ನು ಹೆಚ್ಚು ಕೊಟ್ಟರೆ, ಬೇರೆಡೆ ದೊರೆಯದ ಫಲವು ದೊರೆಯಬಹುದು.

ನಟರಲ್ಲದವರನ್ನೇ ಪಾತ್ರಗಳಾಗಿಸುವ ಮಾರ್ಗವೂ ಇದೆ. ಉತ್ತರ ಕನ್ನಡದ ಘಟ್ಟದ ಮೇಲಿನವರಾದ ನಟೇಶ ಹೆಗಡೆಯವರು ‘ಕುರ್ಲಿ’ ಎಂಬ ಕಿರುಚಿತ್ರವನ್ನು ಮಾಡಿ, ಅನಂತರ ‘ಪೆಡ್ರೊ’ (೨೦೨೧) ಎಂಬ ದೀರ್ಘಚಿತ್ರವನ್ನು ಮಾಡಿದರು. ಬೂಸಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ಆ ಚಿತ್ರದ ಮುಖ್ಯ ಪಾತ್ರವನ್ನು ವಹಿಸಿದವರು ಅವರ ತಂದೆಯೇ. ಮನೆಯ ಜನ, ಪರಿಚಿತ ಮಣ್ಣು, ನೆರೆಹೊರೆಯ ಮುಖಗಳು ಇಲ್ಲಿ ಬಡತನದ ಗುರುತಾಗಿ ಉಳಿಯದೆ ರೀತಿಯಾಗಿ ಪರಿಣಮಿಸಿವೆ.

ಭಾಷೆಯ ವಿಷಯದಲ್ಲಿ ಔಚಿತ್ಯಭಂಗವು ಎದ್ದು ಕಾಣುತ್ತದೆ. ಈ ಕರಾವಳಿಯಲ್ಲಿ ಹವ್ಯಕರ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ, ನಾಮಧಾರಿಗಳ ನುಡಿ, ಖಾರ್ವಿಗಳ ಮತ್ತು ಸಾರಸ್ವತರ ಕೊಂಕಣಿ, ಭಟ್ಕಳದ ನವಾಯತಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಚಿತ್ರಗಳಲ್ಲಿ ಮಾತ್ರ ಎಲ್ಲರೂ ರಾಜಧಾನಿಯ ಒಂದೇ ಬಗೆಯ ಕನ್ನಡವನ್ನಾಡುವುದುಂಟು. ದೂರದ ಪ್ರೇಕ್ಷಕನಿಗೆ ಅರ್ಥವಾಗಲೆಂಬುದು ಇದಕ್ಕೆ ಕೊಡುವ ಕಾರಣ. ಸಂಸ್ಕೃತ ರೂಪಕಗಳಲ್ಲಿ ರಾಜನಿಗೆ ಸಂಸ್ಕೃತ, ನಾಯಿಕೆಗೆ ಶೌರಸೇನಿ, ಕೀಳುಪಾತ್ರಗಳಿಗೆ ಮಾಗಧಿ ಎಂದು ಭಾಷೆಗಳನ್ನು ಹಂಚಿದ ಸಂಪ್ರದಾಯದವರಿಗೆ ಈ ಕಾರಣವು ಒಪ್ಪತಕ್ಕದ್ದಲ್ಲ. ಪಾತ್ರದ ಮೇಲುಕೀಳುಗಳನ್ನು ಭಾಷೆಯಿಂದ ಅಳೆಯುವ ಆ ಕ್ರಮವು ಇಂದು ಬೇಡ. ಆದರೆ ಒಂದೇ ರಂಗದ ಮೇಲೆ ಹಲವು ನುಡಿ ಸಲ್ಲುತ್ತದೆಂಬ ತತ್ತ್ವವು ಬೇಕು. ಅಕ್ಷರದಲ್ಲಿ ಅರ್ಥವನ್ನು ತೆರೆಯ ಕೆಳಗೆ ಕೊಡುವ ಸೌಲಭ್ಯ ಉಳ್ಳ ಈ ಕಾಲದಲ್ಲಿ ನುಡಿಯನ್ನು ಬಲಿಗೊಡುವ ಆವಶ್ಯಕತೆಯೇ ಇಲ್ಲ.

೭

ಸ್ಥಳದ ಸೌಂದರ್ಯವು ಈ ಪ್ರದೇಶದ ಚಿತ್ರಕಾರನಿಗೆ ವರವೂ ಹೌದು, ಅಪಾಯವೂ ಹೌದು. ೧೯೯೬ರ ‘ನಮ್ಮೂರ ಮಂದಾರ ಹೂವೆ’ ಚಿತ್ರದಿಂದ ಕುಮಟಾ ತಾಲೂಕಿನ ಯಾಣದ ಶಿಲೆಗಳು ನಾಡಿಗೆಲ್ಲ ಪರಿಚಿತವಾದುವು. ಅಂದಿನಿಂದ ಇಲ್ಲಿಯ ಭೂಮಿಯು ಚಿತ್ರಕ್ಕೆ ಹಿನ್ನೆಲೆಯಾಗಿಯೇ ಹೆಚ್ಚು ಉಪಯುಕ್ತವಾಗಿದೆ. ಈಗ ಡ್ರೋನ್ ಎಂಬ ಹಾರುವ ಯಂತ್ರವೂ ಸುಲಭವಾಗಿ ದೊರೆಯುವುದರಿಂದ, ಕಥೆ ಯಾವುದೇ ಇರಲಿ, ಮುರ್ಡೇಶ್ವರದ ಗೋಪುರ, ಶರಾವತಿಯ ಸೇತುವೆ, ತೆಂಗಿನ ತೋಟಗಳು ಆಕಾಶದಿಂದ ಒಮ್ಮೆ ಕಾಣಿಸಿಕೊಳ್ಳಲೇಬೇಕೆಂಬಂತಾಗಿದೆ.

ಆಲಂಕಾರಿಕರ ದೃಷ್ಟಿಯಲ್ಲಿ ದೇಶಕಾಲಗಳು ಉದ್ದೀಪನವಿಭಾವಗಳು. ಆಲಂಬನವಿಲ್ಲದೆ ಉದ್ದೀಪನದಿಂದ ಮಾತ್ರ ರಸವು ಹುಟ್ಟದು. ಆಕಾಶದಿಂದ ನೋಡಿದ ಅಳಿವೆಯು ಯಾರ ಕಣ್ಣಿನ ನೋಟ? ಚಿಪ್ಪು ಆಯುವವಳದಲ್ಲ, ದೋಣಿಯವನದಲ್ಲ; ಪ್ರವಾಸಿಯದು, ಅಥವಾ ಯಂತ್ರದ್ದು. ಕಾರಕಗಳಲ್ಲಿ ಸ್ವತಂತ್ರವಾದುದೇ ಕರ್ತೃವೆಂದು ಪಾಣಿನಿಯು ಲಕ್ಷಣ ಹೇಳಿದ್ದಾನೆ. ಉಪಕರಣವು ಕರಣ, ಅದು ಕರ್ತೃವಿಗೆ ಅಧೀನ. ಯಂತ್ರವು ಸಿಕ್ಕಿದೆಯೆಂಬ ಕಾರಣಕ್ಕೆ ದೃಶ್ಯವನ್ನು ತೆಗೆದಾಗ ಕರಣವು ಕರ್ತೃವಾಯಿತು, ಕರ್ತೃವು ಪರತಂತ್ರನಾದನು. ಸ್ವತಂತ್ರ ಚಿತ್ರಕಾರನೆಂಬ ಹೆಸರು ಧನಿಕನ ಹಂಗಿಲ್ಲದಿದ್ದ ಮಾತ್ರಕ್ಕೆ ಸಾರ್ಥಕವಾಗುವುದಿಲ್ಲ. ಉಪಕರಣದ ಹಂಗನ್ನೂ ಬಿಟ್ಟಾಗ ಸಾರ್ಥಕವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಈ ಪ್ರದೇಶದ ನಿಜವಾದ ಸಂಪತ್ತಾದ ಮಳೆಯನ್ನು ಚಿತ್ರಕಾರರು ದೂರವಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಸುರಿಯುವ ಮಳೆ ೩೦೦೦ ಮಿಲಿಮೀಟರಿನ ಆಚೀಚೆ. ಬೆಳಕು ಗಳಿಗೆಗಳಿಗೆಗೆ ಬದಲಾಗುತ್ತದೆ, ಮಾತು ಹಂಚಿನ ಮೇಲಿನ ಸದ್ದಿನಲ್ಲಿ ಮುಳುಗುತ್ತದೆ, ಯಂತ್ರವು ನೆನೆಯುತ್ತದೆ. ಇವು ನಿಜವಾದ ತೊಂದರೆಗಳೇ. ಆದರೆ ಮೋಡ ಕವಿದ ದಿನದ ಬೆಳಕು ನೆರಳಿಲ್ಲದ ಮೃದುವಾದ ಬೆಳಕು. ಅದಕ್ಕೆ ದೀಪಗಳ ಖರ್ಚಿಲ್ಲ. ಜಗಲಿಯೊಂದರಲ್ಲಿ ಮಳೆಯಿಂದ ಸಿಕ್ಕಿಬಿದ್ದ ಇಬ್ಬರು ಮನುಷ್ಯರಿಗಿಂತ ಕಿರುಚಿತ್ರಕ್ಕೆ ಯೋಗ್ಯವಾದ ಸನ್ನಿವೇಶವು ಬೇರೆ ಯಾವುದಿದೆ? ಮಳೆಯ ಸದ್ದನ್ನು ಬೇರೆಯಾಗಿ ಹಿಡಿದು ಅನಂತರ ಕೂಡಿಸುವುದು ಕಷ್ಟವಲ್ಲ. ಮಾತು ಕೇಳಿಸದಿದ್ದಲ್ಲಿ ಮಾತನ್ನೇ ಬಿಡುವುದು ಇನ್ನೂ ಉತ್ತಮ.

೮

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಕಿರುಚಿತ್ರಕ್ಕೆ ಚಿತ್ರಮಂದಿರವಿಲ್ಲ, ಕೊಳ್ಳುವವರಿಲ್ಲ. ಮಾಡಿದವನು ಹಾಕಿದ ಹಣವು ಹಿಂದೆ ಬರುವುದಿಲ್ಲ. ಹೀಗಿರುವಾಗ ಅದನ್ನು ಸೋಪಾನವಾಗಿ ಉಪಯೋಗಿಸುವುದರಲ್ಲಿ ದೋಷವೇನು? ಫಾಲ್ಕೆಯವರೂ ಹಾಗೆಯೇ ಮಾಡಲಿಲ್ಲವೆ? ನಟೇಶ ಹೆಗಡೆಯವರೂ ಕಿರುಚಿತ್ರದಿಂದಲೇ ದೀರ್ಘಚಿತ್ರಕ್ಕೆ ಹೋಗಲಿಲ್ಲವೆ?

ಇದಕ್ಕೆ ಸಮಾಧಾನವು ಹೀಗೆ. ಒಂದು ಕೃತಿಯಿಂದ ಮತ್ತೊಂದು ಫಲವು ಆನುಷಂಗಿಕವಾಗಿ ಬರುವುದು ಬೇರೆ, ಆ ಫಲಕ್ಕಾಗಿಯೇ ಕೃತಿಯನ್ನು ಕಟ್ಟುವುದು ಬೇರೆ. ಮಾವಿನ ಹಣ್ಣಿಗಾಗಿ ನೆಟ್ಟ ಮರವು ನೆರಳನ್ನೂ ಕೊಡುತ್ತದೆ. ನೆರಳಿಗಾಗಿ ನೆಟ್ಟ ಮರವು ಹಣ್ಣು ಕೊಡುವ ನಿಯಮವಿಲ್ಲ. ಫಾಲ್ಕೆಯವರ ಬಟಾಣಿಯ ಚಿತ್ರವು ಧನಿಕರನ್ನು ಒಲಿಸಿದ್ದು ಅದರಲ್ಲಿ ಮುಂಬರುವ ಹರಿಶ್ಚಂದ್ರನ ತುಣುಕುಗಳು ಇದ್ದುದರಿಂದಲ್ಲ. ಬಟಾಣಿಯು ನಿಜವಾಗಿ ಬೆಳೆದುದರಿಂದ. ತನ್ನ ವಸ್ತುವನ್ನು ಪೂರ್ಣವಾಗಿ ಹೇಳಿದ ಕಿರುಚಿತ್ರವೇ ಮಾಡಿದವನ ಯೋಗ್ಯತೆಗೂ ಸಾಕ್ಷಿಯಾಗುತ್ತದೆ. ಹೀಗೆ ಪೂರ್ವಪಕ್ಷಿಯ ಪ್ರಯೋಜನವೂ ಸಿದ್ಧಾಂತವನ್ನು ಒಪ್ಪಿದರೆ ಮಾತ್ರ ಸಿದ್ಧಿಸುತ್ತದೆ.

ಚಿತ್ರೋತ್ಸವಗಳ ನಿಯಮಗಳೂ ರೂಪದ ಮೇಲೆ ಕೈಯಾಡಿಸುತ್ತವೆ. ಆಸ್ಕರ್ ಪ್ರಶಸ್ತಿಯ ಅಕಾಡೆಮಿಯು ೪೦ ನಿಮಿಷಗಳವರೆಗಿನ ಚಿತ್ರವನ್ನು ಕಿರುಚಿತ್ರವೆನ್ನುತ್ತದೆ. ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಗೆ ೧೫ ನಿಮಿಷಗಳ ಮಿತಿಯಿದೆ. ಬೆಂಗಳೂರಿನಲ್ಲಿ ೨೦೧೧ರಿಂದ ಕಿರುಚಿತ್ರಗಳಿಗೇ ಮೀಸಲಾದ ಅಂತರರಾಷ್ಟ್ರೀಯ ಉತ್ಸವವು ನಡೆದುಬಂದಿದೆ. ಇವುಗಳಿಂದ ಮಾಡುವವರಿಗೆ ನೋಡುವವರು ದೊರೆತರೆಂಬುದು ಉಪಕಾರವೇ. ಆದರೆ ನಿಮಿಷಗಳ ಸಂಖ್ಯೆಯು ಹೊರಗಿನ ಉಪಾಧಿ ಮಾತ್ರ. ಹತ್ತು ನಿಮಿಷದ ಚಿತ್ರವೂ ಪಂಚಸಂಧಿಗಳನ್ನು ತುರುಕಿಕೊಂಡು ದೀರ್ಘಚಿತ್ರದ ಕುಬ್ಜರೂಪವಾಗಬಹುದು. ಮೂವತ್ತು ನಿಮಿಷದ ಚಿತ್ರವೂ ಮುಖನಿರ್ವಹಣಗಳೆರಡರಿಂದಲೇ ನಿಂತು ಮುಕ್ತಕವಾಗಬಹುದು. ಅಳೆಯಬೇಕಾದುದು ಸಂಧಿಗಳನ್ನು; ಗಡಿಯಾರವನ್ನಲ್ಲ.

೯

ಕಿರುಚಿತ್ರವು ಅಂಗಿಯೆಂದು ಒಪ್ಪಿದ ಮೇಲೆ ವಿದ್ವಾಂಸರಿಗೂ ಒಂದು ಕರ್ತವ್ಯವು ಒದಗುತ್ತದೆ. ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರವನ್ನು ಕಳೆದುಕೊಂಡ ಜನರು ಇಂದಿನ ಕಿರುಚಿತ್ರಗಳನ್ನು ಉಳಿಸಿಕೊಳ್ಳುವರೆಂಬ ಭರವಸೆಗೆ ಆಧಾರವಿಲ್ಲ. ಪುಣೆಯಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ದೊಡ್ಡ ಕೆಲಸವನ್ನು ಮಾಡಿದೆ. ಆದರೆ ಕುಮಟೆಯ ತರುಣನೊಬ್ಬನು ತನ್ನ ದೂರವಾಣಿಯಿಂದಲೇ ತೆಗೆದ ಹನ್ನೆರಡು ನಿಮಿಷದ ಚಿತ್ರವು ತಾನಾಗಿ ಅಲ್ಲಿಗೆ ತಲುಪುವುದಿಲ್ಲ. ಅದು ಅವನ ಗಣಕಯಂತ್ರದಲ್ಲಿ ಇರುತ್ತದೆ. ಯಂತ್ರವು ಕೆಟ್ಟ ದಿನ ಇಲ್ಲವಾಗುತ್ತದೆ. ಯಕ್ಷಗಾನ ಪ್ರಸಂಗಗಳ ತಾಳೆಯೋಲೆಗಳು ಮನೆಯ ಅಟ್ಟದ ಮೇಲೆ ಹೊಗೆಯಲ್ಲಿ ನೂರಾರು ವರ್ಷ ಬಾಳಿದುವು. ಇಂದಿನ ಚಿತ್ರಕ್ಕೆ ಆ ಆಯುಸ್ಸಿಲ್ಲ.

ಒಂದು ಕಾಲಕ್ಕೆ ಪ್ರಸಂಗಗಳೂ ಪಂಡಿತರ ದೃಷ್ಟಿಗೆ ಬೀಳದೆ ಇದ್ದುವು. ಅವು ಕಾವ್ಯವಲ್ಲವೆಂದು ಬದಿಗಿಟ್ಟಿದ್ದರು. ಸಂಗ್ರಹಿಸಿ, ಕರ್ತೃವನ್ನು ಗುರುತಿಸಿ, ಪಾಠವನ್ನು ಶೋಧಿಸಿದ ಮೇಲೆ ಅವುಗಳ ಗುಣವು ತಿಳಿಯಿತು. ಕಿರುಚಿತ್ರಗಳಿಗೂ ಅದೇ ಕ್ರಮವು ಬೇಕಾಗಿದೆ. ತಾಲೂಕುತಾಲೂಕಿಗೆ ಅವುಗಳ ಪಟ್ಟಿಯಾಗಬೇಕು. ಮಾಡಿದವರ ಹೆಸರು, ವರ್ಷ, ನುಡಿ, ಸ್ಥಳ, ಅವಧಿಗಳನ್ನು ಬರೆದಿಡಬೇಕು. ಒಂದಕ್ಕಿಂತ ಹೆಚ್ಚು ಕಡೆ ಪ್ರತಿಗಳನ್ನು ಇಡಬೇಕು. ಮಹಾವಿದ್ಯಾಲಯಗಳ ಸಾಹಿತ್ಯದ ಅಧ್ಯಾಪಕರು ಸಣ್ಣಕಥೆಯ ಪಾಠದ ಜೊತೆಯಲ್ಲಿ ಒಂದು ಕಿರುಚಿತ್ರವನ್ನು ತೋರಿಸಿ, ಯಾವ ಸಂಧಿಯನ್ನು ಬಿಟ್ಟಿದೆ, ಬಿಟ್ಟುದನ್ನು ಪ್ರೇಕ್ಷಕನು ಹೇಗೆ ತುಂಬಿಕೊಂಡನು ಎಂದು ವಿದ್ಯಾರ್ಥಿಗಳನ್ನು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹುಡುಕಿದ ವಿದ್ಯಾರ್ಥಿಯು ತಾನೇ ಚಿತ್ರವನ್ನು ಮಾಡಿದಾಗ ಪತಾಕೆಯನ್ನು ಸೇರಿಸುವ ಮೊದಲು ಒಂದು ಕ್ಷಣ ಯೋಚಿಸುವನು.

ವಿಮರ್ಶೆ ಇಲ್ಲದ ಕಡೆ ಕಲೆಯು ಬಹುಮಾನಗಳನ್ನೇ ಪ್ರಮಾಣವೆಂದು ತಿಳಿಯುತ್ತದೆ. ಕನ್ನಡದ ಕಿರುಚಿತ್ರವು ಕಾನ್ ಪಟ್ಟಣದಲ್ಲಿ ಬಹುಮಾನವನ್ನು ಪಡೆದುದು ಸಂತೋಷದ ಸಂಗತಿ. ಆದರೆ ಅದರ ಗುಣವೇನೆಂಬುದನ್ನು ಕನ್ನಡದಲ್ಲಿಯೇ ಹೇಳುವವರಿಲ್ಲದಿದ್ದರೆ ಆ ಸಂತೋಷವು ಅಪೂರ್ಣ. ಭರತನು ಏಕಾಂಕ ರೂಪಕಗಳಿಗೆ ನಾಟಕದ ಪಕ್ಕದಲ್ಲಿಯೇ ಸ್ಥಾನ ಕೊಟ್ಟು ಲಕ್ಷಣ ಬರೆದನು. ಆ ಗೌರವವನ್ನು ಇಂದಿನ ಏಕಾಂಕಕ್ಕೂ ಕೊಡುವುದು ವಿದ್ವತ್ಸಮಾಜದ ಕೆಲಸ.